ಗೋಲಗುಮ್ಮಟದೊಳಗೆ ಕೂಗಿದ ಒಂದು ಹೆಸರು

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಮಿತಿಯ ಪರವಾಗಿ ಗುರುಗಳು ಫೋನ್ ಮಾಡಿ, "ನೀ ಏನರ ಒಂದು ಬರದು ಕೊಡಪಾ, ಕಂಪ್ಯೂಟರ್ ಬಗ್ಗೆ ಬರದ್ರೂ ನಡೀತದ" ಎಂದರು. ಹೂಂ ಅಂದೆ. ಕಂಪ್ಯೂಟರ್ ಬಗ್ಗೆ ಎರಡು ಪುಟ ಬರೆದೂ ನೋಡಿದೆ. ಆದರೆ ಎಂಟನೆಯ ತರಗತಿಯಿಂದ ಒಂದು ಸಾಲ ನನ್ನ ತಲೆಯ ಮೇಲಿದೆ. ಅದು ಇತಿಹಾಸಕ್ಕೆ ಸಂಬಂಧಿಸಿದ್ದು. ಓದಿದ್ದು ಬಿ.ಇ. ಆದರೂ ಈ ಸಂಚಿಕೆಯಲ್ಲಿ ಅದನ್ನೇ ತೀರಿಸಬೇಕೆಂದು ಕುಳಿತಿದ್ದೇನೆ. ತಪ್ಪಿದ್ದಲ್ಲಿ ನಮಗೆ ಸಮಾಜ ವಿಜ್ಞಾನ ಕಲಿಸಿದ ಗುರುಗಳು ತಿದ್ದಬೇಕು.

ಎಂಟನೆಯ ತರಗತಿಯಲ್ಲಿ ನಮ್ಮನ್ನು ವಿಜಾಪುರಕ್ಕೆ ಪ್ರವಾಸಕ್ಕೆ ಕರೆದೊಯ್ದಿದ್ದರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಮಕ್ಕಳಿಗೆ ವಿಜಾಪುರವೆಂದರೆ ದವಾಖಾನೆ, ಕೋರ್ಟು ಮತ್ತು ಗೋಲಗುಮ್ಮಟ. ಮೂಲೆಯ ಮಿನಾರಿನೊಳಗಿನ ಇಕ್ಕಟ್ಟಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಪಿಸುಮಾತಿನ ಗ್ಯಾಲರಿಗೆ ಹೋದೆವು. ಎಲ್ಲರೂ ತಮ್ಮ ತಮ್ಮ ಹೆಸರು ಕೂಗಿದರು. ನಾನು ನನ್ನ ಹೆಸರು ಕೂಗಲಿಲ್ಲ. ನಮ್ಮ ತರಗತಿಯಲ್ಲಿ ಕಪ್ಪು ಮೈಬಣ್ಣದ, ಗುಂಗುರು ಕೂದಲಿನ ಒಬ್ಬ ಗೆಳೆಯನಿದ್ದ. ಅವನನ್ನು ನಾವು ಹಿಂದಿನಿಂದ 'ಹಬಸಿ' ಎನ್ನುತ್ತಿದ್ದೆವು. ಅವನು ಎದುರಿನ ಗೋಡೆಗೆ ಕಿವಿ ಹಚ್ಚಿ ನಿಂತದ್ದನ್ನು ನೋಡಿ ನಾನು ಗಟ್ಟಿಯಾಗಿ "ಹಬಸೀ" ಎಂದು ಒದರಿದೆ. ಗುಮ್ಮಟ ಯಾರನ್ನೂ ಬಿಡುವುದಿಲ್ಲ. ಅದು ಏಳೆಂಟು ಸಲ ಹಾಗೇ ಒದರಿತು. ಎಲ್ಲರೂ ನಕ್ಕರು. ಅವನು ಸುಮ್ಮನೆ ಕೆಳಗಿಳಿದು ಹೋದ. ಬಸ್ಸಿನಲ್ಲಿ ಬರುವಾಗ ನನ್ನ ಪಕ್ಕದಲ್ಲಿ ಕೂರಲಿಲ್ಲ.

ಆ ಶಬ್ದದ ಅರ್ಥ ನನಗೆ ಆಗ ಗೊತ್ತಿರಲಿಲ್ಲ. ಬೈಗುಳ ಎಂದಷ್ಟೇ ತಿಳಿದಿದ್ದೆ. ನಾನು ನಿಂತು ಕೂಗಿದ ಆ ಕಟ್ಟಡ ಯಾರ ಗೋರಿಯೋ ಆ ಮಹಮ್ಮದ್ ಆದಿಲ್‌ಶಾಹನ ಪ್ರಧಾನಿಯೇ ಒಬ್ಬ ಹಬಸಿ ಎಂಬುದು ತಿಳಿಯಲು ನನಗೆ ಇನ್ನೂ ಹದಿನೈದು ವರ್ಷ ಬೇಕಾಯಿತು. ತಿಳಿಸಿದವನು ದೂರದ ಸುಡಾನ್ ದೇಶದವನು.

ಬೆಂಗಳೂರಿನಲ್ಲಿ ಒಂದು ಪ್ರಾಜೆಕ್ಟಿನಲ್ಲಿ ನಮ್ಮ ಜೊತೆ ಖಾರ್ಟೂಮಿನ ಎಂಜಿನಿಯರ್ ಒಬ್ಬ ಇದ್ದ. ಒಂದು ದಿನ ಊಟದ ಹೊತ್ತಿನಲ್ಲಿ ತನ್ನ ಫೋನಿನಲ್ಲಿ ಪಿರಮಿಡ್ಡುಗಳ ಫೋಟೋ ತೋರಿಸಿದ. ಚೂಪಾಗಿ, ಒತ್ತೊತ್ತಾಗಿ, ಮರಳಿನ ನಡುವೆ ನಿಂತಿದ್ದವು. "ಈಜಿಪ್ಟಾ?" ಅಂದೆ. ಅವನು ನಕ್ಕು, "ಎಲ್ಲರೂ ಹೀಗೇ ಕೇಳುತ್ತಾರೆ. ಇದು ನಮ್ಮ ಮೆರೋಯಿ. ಈಜಿಪ್ಟಿಗಿಂತ ಹೆಚ್ಚು ಪಿರಮಿಡ್ಡುಗಳು ನಮ್ಮ ದೇಶದಲ್ಲಿವೆ" ಎಂದ. ನಾನು ನಂಬಲಿಲ್ಲ. ಮನೆಗೆ ಹೋಗಿ ಹುಡುಕಿದೆ. ಅವನ ಮಾತು ನಿಜ. ಸುಡಾನಿನಲ್ಲಿ 200ಕ್ಕೂ ಹೆಚ್ಚು ಪಿರಮಿಡ್ಡುಗಳಿವೆ. ಗಾತ್ರದಲ್ಲಿ ಮಾತ್ರ ಈಜಿಪ್ಟಿನವಕ್ಕಿಂತ ಸಣ್ಣವು.

ಅಲ್ಲಿಂದ ಓದುವ ಹುಚ್ಚು ಹಿಡಿಯಿತು. ನೈಲ್ ನದಿಯ ಮೇಲ್ಭಾಗದಲ್ಲಿ, ಇಂದಿನ ದಕ್ಷಿಣ ಈಜಿಪ್ಟ್ ಮತ್ತು ಉತ್ತರ ಸುಡಾನಿನಲ್ಲಿ ಹಬ್ಬಿದ್ದ ನಾಡು ನೂಬಿಯಾ. ಅಲ್ಲಿ ಕೆರ್ಮಾ ಎಂಬ ದೊಡ್ಡ ಊರು ಸುಮಾರು ಕ್ರಿ.ಪೂ. 2500ರಿಂದಲೇ ಬೆಳೆದಿತ್ತು. ಕ್ರಿ.ಪೂ. 1500ರ ಸುಮಾರಿಗೆ ಈಜಿಪ್ಟಿನ ಫೆರೋಗಳು ಆ ನಾಡನ್ನು ಗೆದ್ದು ನಾಲ್ಕೈದು ಶತಮಾನ ಆಳಿದರು. ಅವರು ಹೋದಮೇಲೆ ಅದೇ ಮಣ್ಣಿನಲ್ಲಿ ಕುಶ್ ರಾಜ್ಯ ಎದ್ದಿತು. ಕ್ರಿ.ಪೂ. 8ನೆಯ ಶತಮಾನದಲ್ಲಿ ಚಕ್ರ ತಿರುಗಿತು. ಕುಶ್ ದೇಶದ ಪಿಯೆ ಎಂಬ ಅರಸ ಉತ್ತರಕ್ಕೆ ದಂಡೆತ್ತಿ ಹೋಗಿ ಈಜಿಪ್ಟನ್ನೇ ಗೆದ್ದ. ಅವನ ಮನೆತನವನ್ನು ಈಜಿಪ್ಟಿನ 25ನೆಯ ರಾಜವಂಶ ಎನ್ನುತ್ತಾರೆ. ಗೆಲುವಿನ ಕಥೆಯನ್ನು ಅವನು ಕಲ್ಲಿನಲ್ಲಿ ಕೊರೆಸಿದ್ದಾನೆ. ಅದರಲ್ಲಿ ನನಗೆ ಬಹಳ ಹಿಡಿಸಿದ ಒಂದು ಸಂಗತಿ ಇದೆ. ಶರಣಾದ ಅರಸನ ಅರಮನೆಗೆ ಹೋದ ಪಿಯೆ ಬಂಗಾರ ನೋಡಿ ಹಿಗ್ಗಲಿಲ್ಲ. ಲಾಯಕ್ಕೆ ಹೋಗಿ, ಮುತ್ತಿಗೆಯಲ್ಲಿ ಮೇವಿಲ್ಲದೆ ಸೊರಗಿದ ಕುದುರೆಗಳನ್ನು ನೋಡಿ ಸಿಟ್ಟಿಗೆದ್ದ. ಆ ಮನೆತನದ ಸಮಾಧಿಗಳಿರುವ ಎಲ್ ಕುರ್ರುವಿನಲ್ಲಿ ಅವರ ಕುದುರೆಗಳಿಗೂ ಗೋರಿಗಳಿವೆ.

ಪಿಯೆಯ ನಂತರ ಶಬಾಕ, ಆಮೇಲೆ ತಹರ್ಕ. ತಹರ್ಕನು ಕ್ರಿ.ಪೂ. 690ರಿಂದ 664ರವರೆಗೆ ಆಳಿದ. ಕಾರ್ನಾಕ್ ದೇವಾಲಯದಲ್ಲಿ ಅವನು ನಿಲ್ಲಿಸಿದ ಕಂಬಗಳಲ್ಲಿ ಒಂದು ಇಂದಿಗೂ ನಿಂತಿದೆ. ಕೊನೆಗೆ ಅಸ್ಸೀರಿಯಾದ ಸೈನ್ಯ ಬಂದು ಕುಶ್ ಅರಸರನ್ನು ಈಜಿಪ್ಟಿನಿಂದ ಓಡಿಸಿತು. ಅವರು ತಮ್ಮ ನಾಡಿಗೆ ಮರಳಿ ಇನ್ನೂ ಸಾವಿರ ವರ್ಷದಷ್ಟು ಕಾಲ ಆಳಿದರು. ಕ್ರಿ.ಪೂ. 593ರಲ್ಲಿ ಎರಡನೆಯ ಪ್ಸಾಮ್ಟಿಕ್ ಎಂಬ ಫೆರೋ ಅವರ ಮೇಲೆ ದಂಡೆತ್ತಿ ಹೋದ. ಈಜಿಪ್ಟಿನ ಕಟ್ಟಡಗಳ ಮೇಲಿದ್ದ ಕುಶ್ ಅರಸರ ಹೆಸರುಗಳನ್ನು ಉಳಿಯಿಂದ ಹೊಡೆಸಿ ಹಾಕಿಸಿದವನೂ ಅವನೇ.

ಎರಡನೆಯ ಬಾರಿ ಅವರ ಹೆಸರು ಅಳಿಸಲು ಉಳಿ ಬೇಕಾಗಲಿಲ್ಲ. 1913ರಿಂದ ಕೆರ್ಮಾದಲ್ಲಿ ಅಗೆದ ಅಮೆರಿಕದ ಜಾರ್ಜ್ ರೈಸ್ನರ್ ದೊಡ್ಡ ವಿದ್ವಾಂಸ, ಶಿಸ್ತಿನ ಮನುಷ್ಯ. ಅಲ್ಲಿನ ಭಾರೀ ಸಮಾಧಿಗಳನ್ನು ಕಂಡು ಅವನು, ಇವು ಈಜಿಪ್ಟಿನಿಂದ ಬಂದ ಅಧಿಕಾರಿಗಳವು ಎಂದು ಬರೆದ. ಕರಿಯ ಜನ ಇಷ್ಟು ದೊಡ್ಡದನ್ನು ಕಟ್ಟಿರಲಾರರು ಎಂಬ ಲೆಕ್ಕ ಅವನ ತಲೆಯಲ್ಲಿ ಮೊದಲೇ ಕೂತಿತ್ತು. ಆ ಸಮಾಧಿಗಳು ಕೆರ್ಮಾದ ಸ್ವಂತ ಅರಸರವು ಎಂದು ಈಗ ಎಲ್ಲರೂ ಒಪ್ಪಿದ್ದಾರೆ.

ಈಜಿಪ್ಟಿನ ನಾಗರಿಕತೆಯೇ ನೂಬಿಯಾದಲ್ಲಿ ಹುಟ್ಟಿತು ಎನ್ನುವವರೂ ಇದ್ದಾರೆ. ಅಸ್ವಾನ್ ಅಣೆಕಟ್ಟಿನ ನೀರಿನಲ್ಲಿ ನೂಬಿಯಾದ ಹಳ್ಳಿಗಳು ಮುಳುಗುವ ಮುಂಚೆ, 1960ರ ದಶಕದಲ್ಲಿ, ಕುಸ್ತುಲ್ ಎಂಬಲ್ಲಿ ಅವಸರದಿಂದ ಅಗೆದರು. ಆಲಮಟ್ಟಿ, ನಾರಾಯಣಪುರದ ಹಿನ್ನೀರಿನಲ್ಲಿ ಮನೆ ಹೊಲ ಕಳೆದುಕೊಂಡ ನಮ್ಮ ಭಾಗದವರಿಗೆ ಆ ಅವಸರ ಎಂಥದೆಂದು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಸಿಕ್ಕ ಒಂದು ಧೂಪದ ಪಾತ್ರೆಯ ಮೇಲೆ ಬಿಳಿ ಕಿರೀಟದ ಅರಸನ ಚಿತ್ರವಿತ್ತು. ಮೊದಲ ಫೆರೋಗಳು ಇಲ್ಲಿಯವರೇ ಇರಬೇಕು ಎಂದು ಕೆಲವರು ವಾದಿಸಿದರು. ಆದರೆ ಅಂಥ ಗುರುತುಗಳು ಈಜಿಪ್ಟಿನೊಳಗೇ ಇನ್ನೂ ಹಳೆಯ ಗೋರಿಗಳಲ್ಲಿ ಸಿಕ್ಕವು, ವಾದ ಸೊರಗಿತು. ನನ್ನ ಸುಡಾನಿ ಗೆಳೆಯ ಇದನ್ನು ಒಪ್ಪುವುದಿಲ್ಲ. ನನಗೆ ಕಾಣುವುದು ಇಷ್ಟು: ಒಂದೇ ನದಿಯ ದಂಡೆಯ ಎರಡು ನಾಡುಗಳು ಒಂದರಿಂದ ಒಂದು ಕಲಿತವು, ಒಂದನ್ನೊಂದು ಆಳಿದವು. ಕೊಟ್ಟದ್ದೆಷ್ಟು, ಪಡೆದದ್ದೆಷ್ಟು ಎಂದು ತಕ್ಕಡಿ ಹಿಡಿಯುವುದು ಕಷ್ಟ.

ಇದೆಲ್ಲ ಮಾತಾಡುವಾಗ ಒಮ್ಮೆ ಅವನು, "ನೀನು ವಿಜಾಪುರದವನಲ್ಲವೇ? ನಮ್ಮ ಕಡೆಯವರು ನಿಮ್ಮ ಊರನ್ನೂ ಆಳಿದ್ದಾರೆ" ಎಂದ. ನಾನು ಬೆಪ್ಪಾದೆ. ಅವನ ಮಾತು ಪೂರ್ತಿ ಸರಿಯಲ್ಲ. ನಮ್ಮಲ್ಲಿಗೆ ಬಂದವರು ಹೆಚ್ಚಾಗಿ ಸುಡಾನಿಗೆ ಹೊಂದಿಕೊಂಡ ಇಥಿಯೋಪಿಯಾದ ಗುಡ್ಡಗಾಡಿನವರು. ಅರಬ್ಬರು ಆ ನಾಡನ್ನು 'ಹಬಶ್' ಎಂದು ಕರೆಯುತ್ತಿದ್ದರು. 'ಹಬಸಿ' ಎಂದರೆ ಹಬಶ್ ದೇಶದವನು, ಅಷ್ಟೇ. ಕನ್ನಡಿಗ, ಗುಜರಾತಿ ಎಂದ ಹಾಗೆ.

ಅವರು ಬಂದ ದಾರಿ ಸುಖದ್ದಲ್ಲ. ಯುದ್ಧದಲ್ಲಿ ಸಿಕ್ಕ, ಕದ್ದು ತಂದ, ಬರಗಾಲದಲ್ಲಿ ಹೆತ್ತವರೇ ಮಾರಿದ ಹುಡುಗರನ್ನು ವ್ಯಾಪಾರಿಗಳು ಕೆಂಪು ಸಮುದ್ರ ದಾಟಿಸಿ ಅರಬಸ್ತಾನದ ಪೇಟೆಗಳಲ್ಲಿ ಮಾರುತ್ತಿದ್ದರು. ಅಲ್ಲಿಂದ ಕುದುರೆಗಳ ಜೊತೆ ಹಡಗು ಹತ್ತಿ ದಾಭೋಳ, ಚೌಲ್ ಬಂದರುಗಳಿಗೆ. ದಖ್ಖನಿನ ಸುಲ್ತಾನರಿಗೂ ಸರದಾರರಿಗೂ ಇಂಥ ಹುಡುಗರೇ ಬೇಕಾಗಿದ್ದರು. ಊರಿನಲ್ಲಿ ಅಣ್ಣತಮ್ಮ, ಬೀಗರು ಇಲ್ಲದವನು ಪಿತೂರಿ ಮಾಡುವುದಿಲ್ಲ, ಸಾಕಿದವನನ್ನೇ ನಂಬಿರುತ್ತಾನೆ ಎಂಬ ಲೆಕ್ಕ. ಕುದುರೆ ಸವಾರಿ, ಕತ್ತಿವರಸೆ, ಓದುಬರಹ ಕಲಿಸಿ ಬೆಳೆಸುತ್ತಿದ್ದರು. ಒಡೆಯ ಸತ್ತ ಮೇಲೆ ಎಷ್ಟೋ ಸಲ ಬಿಡುಗಡೆ ಸಿಗುತ್ತಿತ್ತು. ಬಿಡುಗಡೆಯಾದವನು ತನ್ನದೇ ಒಂದು ತುಕಡಿ ಕಟ್ಟಿಕೊಂಡು ಸರದಾರನಾಗಬಹುದಿತ್ತು.

ಹೆಸರುಗಳನ್ನು ನೋಡಿ. ತಾಯಿ ಇಟ್ಟ ಹೆಸರು ಹಡಗಿನಲ್ಲೇ ಹೋಯಿತು. ಒಡೆಯರು ಇಟ್ಟದ್ದು ಅಂಬರ್, ಸಂದಲ್, ರೈಹಾನ್, ಯಾಕೂತ್, ಜೌಹರ್. ಅಂಬರ್ ಎಂದರೆ ಸಮುದ್ರದಿಂದ ಸಿಗುವ ಸುಗಂಧದ್ರವ್ಯ, ಸಂದಲ್ ಶ್ರೀಗಂಧ, ರೈಹಾನ್ ಕಾಮಕಸ್ತೂರಿಯಂಥ ಪರಿಮಳದ ಗಿಡ, ಯಾಕೂತ್ ಮಾಣಿಕ್ಯ, ಜೌಹರ್ ರತ್ನ. ಕೇಳಲು ಚೆಂದ. ಆದರೆ ಎಲ್ಲವೂ ಪೇಟೆಯಲ್ಲಿ ತೂಗಿ ಮಾರುವ ವಸ್ತುಗಳು. ಇದು ಹೊಳೆದ ದಿನ ನನಗೆ ನಿದ್ದೆ ಬರಲಿಲ್ಲ.

ಇನ್ನು ವಿಜಾಪುರಕ್ಕೆ ಬರೋಣ. 1565ರಲ್ಲಿ ನಮ್ಮ ಮುದ್ದೇಬಿಹಾಳ ಸೀಮೆಯ ರಕ್ಕಸಗಿ-ತಂಗಡಗಿ ಯುದ್ಧದಲ್ಲಿ, ಅಂದರೆ ತಾಳಿಕೋಟೆಯ ಕಾಳಗ ಎಂದು ನಾವು ಪಾಠದಲ್ಲಿ ಓದಿದ ಯುದ್ಧದಲ್ಲಿ, ವಿಜಯನಗರ ಸೋತಿತು, ವಿಜಾಪುರ ಬೆಳೆಯಿತು. 1580ರಲ್ಲಿ ಒಂದನೆಯ ಅಲಿ ಆದಿಲ್‌ಶಾಹನ ಕೊಲೆಯಾಯಿತು. ಮಕ್ಕಳಿರಲಿಲ್ಲ. ತಮ್ಮನ ಮಗ, ಒಂಬತ್ತು ವರ್ಷದ ಇಬ್ರಾಹಿಂ ಪಟ್ಟಕ್ಕೆ ಬಂದ. ಅಲಿಯ ವಿಧವೆ ಚಾಂದಬೀಬಿ ಅವನ ಬೆಂಗಾವಲು. ಹುಡುಗನ ಹೆಸರಿನಲ್ಲಿ ಆಳುವವರು ಯಾರು ಎಂಬುದಕ್ಕೆ ಹೊಡೆದಾಟ ಸುರುವಾಯಿತು. ಕಿಶ್ವರಖಾನ ಎಂಬವನು ಅಧಿಕಾರ ಹಿಡಿದು ಚಾಂದಬೀಬಿಯನ್ನೇ ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟ. ಆಗ ಎದ್ದವರು ಹಬಸಿ ಸರದಾರರು: ಇಖ್ಲಾಸಖಾನ, ಹಮೀದಖಾನ, ದಿಲಾವರಖಾನ. ಕಿಶ್ವರಖಾನ ಓಡಿಹೋದ, ಚಾಂದಬೀಬಿ ವಿಜಾಪುರಕ್ಕೆ ಮರಳಿದಳು, ಇಖ್ಲಾಸಖಾನ ರಾಜ್ಯದ ಚುಕ್ಕಾಣಿ ಹಿಡಿದ. ಒಳಜಗಳ ನೋಡಿ ಅಹಮದನಗರ, ಗೋಲ್ಕೊಂಡಗಳ ಸೈನ್ಯ ವಿಜಾಪುರಕ್ಕೆ ಮುತ್ತಿಗೆ ಹಾಕಿದವು. ಊರು ಬಗ್ಗಲಿಲ್ಲ.

ಇಷ್ಟಕ್ಕೇ ಕಥೆ ನಿಲ್ಲಿಸಿದ್ದರೆ ನನಗೂ ಖುಷಿಯಾಗುತ್ತಿತ್ತು. ಆದರೆ ಮುಂದಿನದನ್ನೂ ಹೇಳಬೇಕು. 1582ರಲ್ಲಿ ದಿಲಾವರಖಾನ ತನ್ನ ಸಂಗಡಿಗ ಇಖ್ಲಾಸಖಾನನನ್ನು ಕೆಳಗಿಳಿಸಿ ಅವನ ಕಣ್ಣು ಕೀಳಿಸಿದ. ತಾನೇ ಎಂಟು ವರ್ಷ ವಿಜಾಪುರವನ್ನಾಳಿದ. ಅರಸು ಹುಡುಗ ಬೆಳೆಯುತ್ತಿದ್ದಾನೆಂಬುದನ್ನು ಅವನು ಮರೆತ ಹಾಗಿತ್ತು. 1590ರಲ್ಲಿ ದಂಡಿನ ಬಿಡಾರದಲ್ಲಿದ್ದಾಗ ಹತ್ತೊಂಬತ್ತರ ಇಬ್ರಾಹಿಂ ಅವನ ಕೈಯಿಂದ ತಪ್ಪಿಸಿಕೊಂಡು ತನಗೆ ನಿಷ್ಠರಾದ ಸರದಾರರನ್ನು ಸೇರಿಕೊಂಡ. ದಿಲಾವರಖಾನ ಅಹಮದನಗರಕ್ಕೆ ಓಡಿದ. ಮುಂದೆ ಅಭಯ ಸಿಕ್ಕಿತೆಂದು ನಂಬಿ ಮರಳಿದಾಗ ಅವನ ಕಣ್ಣನ್ನೂ ಕೀಳಿಸಿದರು. ಗುಲಾಮಗಿರಿಯಿಂದ ಮೇಲೆ ಬಂದವರು ದೇವರಾಗಿರಲಿಲ್ಲ. ಆ ಕಾಲದ ಬೇರೆ ದೊರೆಗಳಂತೆಯೇ ಇದ್ದರು.

ಹಬಸಿಗಳು ದರಬಾರಿನಲ್ಲಿ ಯಾವ ಪಕ್ಷ ಹಿಡಿದರು ಎಂಬುದೂ ಕುತೂಹಲದ ಸಂಗತಿ. ಆಗ ದಖ್ಖನಿಗಳು ಮತ್ತು ಪರದೇಶಿಗಳು ಎಂದು ಎರಡು ಗುಂಪು. ಇರಾನ್ ಕಡೆಯಿಂದ ಬಂದ ಪರದೇಶಿಗಳಿಗೆ ಅಲ್ಲಿ ಮನೆ, ಬಂಧುಗಳು ಇದ್ದರು, ದುಡಿದು ಹಿಂದಿರುಗುವ ದಾರಿ ಇತ್ತು. ಹಬಸಿಗೆ ಮರಳಲು ಊರೇ ಇರಲಿಲ್ಲ. ಇಲ್ಲೇ ಮದುವೆ, ಇಲ್ಲೇ ಜಹಗೀರು, ಇಲ್ಲೇ ಗೋರಿ. ಹಾಗಾಗಿ ಸಮುದ್ರ ದಾಟಿ ಬಂದರೂ ಅವರು ದಖ್ಖನಿಗಳ ಪಕ್ಷವೇ ಆದರು.

ಇವರಲ್ಲೆಲ್ಲ ದೊಡ್ಡ ಹೆಸರು ಮಲಿಕ್ ಅಂಬರನದು. ಸುಮಾರು 1548ರಲ್ಲಿ ಇಥಿಯೋಪಿಯಾದಲ್ಲಿ ಹುಟ್ಟಿದವನು, ಚಿಕ್ಕಂದಿನ ಹೆಸರು ಚಾಪು. ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಅಹಮದನಗರದ ಪೇಶ್ವೆ ಚಂಗೀಜಖಾನನ ಮನೆಗೆ ಬಂದ. ಆ ಪೇಶ್ವೆ ಕೂಡ ಒಂದು ಕಾಲಕ್ಕೆ ಮಾರಾಟವಾಗಿ ಬಂದ ಹಬಸಿಯೇ. ಒಡೆಯ ಸತ್ತ ಮೇಲೆ ಬಿಡುಗಡೆಯಾದ ಅಂಬರ್ ಹಲವು ವರ್ಷ ವಿಜಾಪುರದ ಚಾಕರಿಯಲ್ಲಿದ್ದ. 'ಮಲಿಕ್' ಎಂಬ ಬಿರುದು ಸಿಕ್ಕಿದ್ದು ವಿಜಾಪುರದಲ್ಲೇ. 1595ರ ಸುಮಾರಿಗೆ ಸಣ್ಣದೊಂದು ಸವಾರರ ತುಕಡಿಯೊಡನೆ ಅಹಮದನಗರಕ್ಕೆ ಮರಳಿ, ಮೊಗಲರು ನುಂಗುತ್ತಿದ್ದ ಆ ರಾಜ್ಯವನ್ನು ಕಾಲು ಶತಮಾನ ಎತ್ತಿಹಿಡಿದ. ರಾತ್ರಿ ಬಂದು ಹೊಡೆಯುವುದು, ದವಸದ ಗಾಡಿ ತಡೆಯುವುದು, ಎದುರು ನಿಲ್ಲದೆ ದಣಿಸುವುದು ಅವನ ಯುದ್ಧದ ರೀತಿ. ಶಿವಾಜಿಯ ತಂದೆ ಶಹಾಜಿ ಅವನ ಕಡೆ ಕಾದಿದವನು. ಬಾದಶಾಹ ಜಹಾಂಗೀರನಿಗೆ ಅಂಬರನನ್ನು ಸೋಲಿಸಲಾಗಲಿಲ್ಲ. ಅದಕ್ಕೆ ಅವನ ಕಡಿದ ತಲೆಗೆ ತಾನು ಬಾಣ ಹೊಡೆಯುವ ಚಿತ್ರವನ್ನು ಅಬುಲ್ ಹಸನನ ಕೈಯಲ್ಲಿ ಬರೆಸಿ ಸಮಾಧಾನಪಟ್ಟುಕೊಂಡ. ಅಂಬರ್ ತಲೆ ಉಳಿಸಿಕೊಂಡೇ 1626ರಲ್ಲಿ ಮುಪ್ಪಿನಿಂದ ತೀರಿಕೊಂಡ.

ನಮ್ಮವರಿಗೆ ಅವನಿಂದ ಪೆಟ್ಟೂ ಬಿದ್ದಿದೆ. 1624ರಲ್ಲಿ ವಿಜಾಪುರ ಮೊಗಲರ ಜೊತೆ ಕೂಡಿ ಅಂಬರನ ಮೇಲೆ ಹೋಯಿತು. ಭಾತವಡಿಯ ಹತ್ತಿರ ಅವನು ಕೆರೆಯ ಒಡ್ಡು ಒಡೆಸಿ ಶತ್ರುಗಳ ದಾರಿಯನ್ನು ಕೆಸರು ಮಾಡಿ ಇಬ್ಬರನ್ನೂ ಸೋಲಿಸಿದ. ಅಲ್ಲಿಗೆ ಬಿಡಲಿಲ್ಲ. ತೊರವಿಯ ಹತ್ತಿರ ಇಬ್ರಾಹಿಂ ಆಸೆಯಿಂದ ಕಟ್ಟಿಸುತ್ತಿದ್ದ ನವರಸಪುರಕ್ಕೆ ಬಂದು ಲೂಟಿ ಮಾಡಿದ, ಸೋಲಾಪುರ ಹಿಡಿದ. ಸಂಗೀತ ಮಹಲಿನ ಹಾಳು ಗೋಡೆಗಳನ್ನು ಈಗಲೂ ತೊರವಿಯ ಕಡೆ ನೋಡಬಹುದು. ಹಿಂದೆ ತಾನು ಅನ್ನ ಉಂಡ ಊರಿಗೆ ಹೀಗೆ ಬಂದನಲ್ಲ ಎಂದು ನನಗೆ ಬೇಸರವಾಗುತ್ತದೆ. ಆದರೆ ಮೊದಲು ದಂಡೆತ್ತಿ ಹೋದವರು ನಾವೇ ಎಂಬುದನ್ನೂ ಮರೆಯಬಾರದು.

ಯುದ್ಧದ ಮಾತು ಸಾಕು. ಇಬ್ರಾಹಿಂ ರೋಜಾ ನೋಡದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಅಲ್ಲಿನ ಶಾಸನದಲ್ಲಿ ಆ ಕಟ್ಟಡವನ್ನು ದುಡಿದು ಮುಗಿಸಿದವನೆಂದು ಮಲಿಕ್ ಸಂದಲನ ಹೆಸರಿದೆ; ಖರ್ಚು ಒಂದೂವರೆ ಲಕ್ಷ ಹೊನ್ನು, ಮೇಲೆ 900 ಎಂದು ಲೆಕ್ಕವೂ ಇದೆ. ಎಂಜಿನಿಯರ್ ಆದ ನನಗೆ ಆ 900 ಬಹಳ ಹಿಡಿಸಿತು. ಅರಸನ ಗೋರಿಯ ಮೇಲೆ ಚಿಲ್ಲರೆ ಲೆಕ್ಕವನ್ನೂ ಬಿಡದೆ ಕೊರೆಸಿದ್ದಾರೆ. ಈ ಮಲಿಕ್ ಸಂದಲ್ ಕೂಡ ಹಬಸಿ. ತಾಜ್ ಬಾವಡಿಯನ್ನು ಕಟ್ಟಿಸಿದವನೂ ಅವನೇ ಎನ್ನುತ್ತಾರೆ. ಅದಕ್ಕೊಂದು ಜನರ ಬಾಯಿಯ ಕಥೆಯಿದೆ; ಅರಸನ ಹೆಸರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅರಸನು ಒಬ್ಬ ಸುಂದರಿಯನ್ನು ಕರೆತರಲು ಸಂದಲನನ್ನು ಕಳಿಸಿದ. ದಾರಿಯಲ್ಲಿ ತನ್ನ ಮೇಲೆ ಅಪವಾದ ಬರಬಹುದೆಂದು ಅವನು ಮೊದಲೇ ತಿಳಿದು, ತನ್ನ ನಿರ್ದೋಷಕ್ಕೆ ದೇಹದ ಮೇಲೆಯೇ ಸಾಕ್ಷಿ ಮಾಡಿಕೊಂಡು ಹೋಗಿದ್ದನಂತೆ. ಅಪವಾದ ಬಂದೇ ಬಂತು. ಸತ್ಯ ತಿಳಿದ ಅರಸ ನಾಚಿ, ಏನು ಬೇಕು ಕೇಳು ಅಂದ. ನನ್ನ ಹೆಸರು ಹೇಳಲು ಮಕ್ಕಳಿಲ್ಲ, ಹೆಸರುಳಿಯುವಂಥ ಏನಾದರೂ ಕಟ್ಟಿಸಬೇಕು ಎಂದು ಸಂದಲ್ ಕೇಳಿಕೊಂಡ. ಹಾಗೆ ಆಯಿತಂತೆ ಆ ಬಾವಿ. ಕಥೆ ನಿಜವೋ ಸುಳ್ಳೋ, ನಮ್ಮ ಬರದ ನಾಡಿನಲ್ಲಿ ಮಕ್ಕಳ ಬದಲು ಬಾವಿ ಕೇಳಿದ ಎಂಬ ಮಾತು ನಮ್ಮ ಜನರೇ ಹೆಣೆದದ್ದೆಂದು ಕೂಡಲೇ ಗೊತ್ತಾಗುತ್ತದೆ.

ಈಗ ಗೋಲಗುಮ್ಮಟದ ಒಡೆಯನ ಕಡೆ ಬರುತ್ತೇನೆ. ಮಹಮ್ಮದ್ ಆದಿಲ್‌ಶಾಹ 1627ರಿಂದ 1656ರವರೆಗೆ ಆಳಿದ. ಅವನ ಪ್ರಧಾನಿ ಮಲಿಕ್ ರೈಹಾನ್. ಅವನಿಗೂ ಇಖ್ಲಾಸಖಾನ ಎಂಬ ಬಿರುದೇ ಸಿಕ್ಕಿತು. ಹಿಂದೆ ಕಣ್ಣು ಕಳೆದುಕೊಂಡ ಇಖ್ಲಾಸಖಾನ ಬೇರೆ, ಇವನು ಬೇರೆ. ರಾಜ್ಯದ ನಿಜವಾದ ಹಗ್ಗ ಇವನ ಕೈಯಲ್ಲಿತ್ತು ಎಂದು ಇತಿಹಾಸಕಾರರು ಹೇಳುತ್ತಾರೆ. ಹೈದರ್ ಅಲಿ ಮತ್ತು ಇಬ್ರಾಹಿಂಖಾನ ಎಂಬ ಇಬ್ಬರು ಚಿತ್ರಕಾರರು ಬರೆದ ಒಂದು ಚಿತ್ರದಲ್ಲಿ ಸುಲ್ತಾನ ಮತ್ತು ಪ್ರಧಾನಿ ಒಂದೇ ಆನೆಯ ಮೇಲೆ ಕುಳಿತಿದ್ದಾರೆ. ಸುಲ್ತಾನನೇ ಮುಂದೆ ಕುಳಿತು ಆನೆ ನಡೆಸುತ್ತಾನೆ. ಇಖ್ಲಾಸಖಾನ ಹಿಂದೆ. ಚಿತ್ರಕಾರರು ಅವನ ಮೈಬಣ್ಣವನ್ನು ತಿಳಿಗೊಳಿಸಿಲ್ಲ. ಕಪ್ಪಾಗಿ, ಗಂಭೀರವಾಗಿ, ಜರತಾರಿ ಬಟ್ಟೆಯಲ್ಲಿ, ಇದ್ದ ಹಾಗೆಯೇ ಬರೆದಿದ್ದಾರೆ. ಈ ಚಿತ್ರವನ್ನು ಮೊದಲ ಸಲ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಾಗ ನನಗೆ ನೆನಪಾದದ್ದು ಗ್ಯಾಲರಿಯಿಂದ ಸುಮ್ಮನೆ ಇಳಿದುಹೋದ ನನ್ನ ಗೆಳೆಯನ ಬೆನ್ನು.

ಕೊನೆಗಾಲದ ವಿಜಾಪುರದಲ್ಲೂ ಅವರು ಇದ್ದರು. 1660ರಲ್ಲಿ ಪನ್ಹಾಳಾದಲ್ಲಿ ಶಿವಾಜಿಗೆ ಮುತ್ತಿಗೆ ಹಾಕಿದವನು ಕರ್ನೂಲಿನ ಸಿದ್ದಿ ಜೌಹರ್. ಅವನ ಅಳಿಯ ಸಿದ್ದಿ ಮಸೂದ್ 1678ರಲ್ಲಿ ಬಾಲಕ ಸಿಕಂದರನ ಹೆಸರಿನಲ್ಲಿ ರಾಜ್ಯ ನಡೆಸತೊಡಗಿದ. ಮರುವರ್ಷ ಮೊಗಲರ ದಿಲೇರಖಾನ ವಿಜಾಪುರದ ಮೇಲೆ ಬಂದಾಗ ಇದೇ ಮಸೂದ್ ಶಿವಾಜಿಯ ನೆರವು ಕೇಳಿದ, ನೆರವು ಬಂತು. ಊರು ಉಳಿಯಿತು, ತಿಕೋಟಾ ಮಾತ್ರ ಲೂಟಿಯಾಯಿತು. 1683ರಲ್ಲಿ ಮಸೂದ್ ಬೇಸತ್ತು ಆದೋನಿಗೆ ಹೋದ. 1686ರಲ್ಲಿ ಔರಂಗಜೇಬ ವಿಜಾಪುರ ಗೆದ್ದ.

ಆಮೇಲೆ ಅವರ ವಂಶದವರು ಎಲ್ಲಿ ಹೋದರು? ಬಹುಮಟ್ಟಿಗೆ ನಮ್ಮಲ್ಲೇ ಬೆರೆತರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳಲ್ಲಿರುವ ಸಿದ್ದಿ ಬಂಧುಗಳ ಕಥೆ ಹೆಚ್ಚಾಗಿ ಬೇರೆ. ಅವರ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಜರು ಆಫ್ರಿಕಾದ ಪೂರ್ವ ಕರಾವಳಿಯಿಂದ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಮೊದಲಿಗರು.

ಈ ಲೇಖನ ಬರೆಯುವ ಮುಂಚೆ ಆ ಗೆಳೆಯನ ನಂಬರ್ ಹುಡುಕಿ ಫೋನ್ ಮಾಡಿದೆ. ಈಗ ಅವನದು ನಿಂಬೆ ತೋಟ. ರೇಟು ಬಿದ್ದದ್ದರ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿದ. ನಾನು ಹಬಸಿಗಳ ಕಥೆ, ಆನೆಯ ಚಿತ್ರ, ಎಲ್ಲ ಹೇಳಿ, ಅವತ್ತಿನದು ತಪ್ಪಾಯಿತು, ಶಾಲೆಯ ಪುಸ್ತಕದಲ್ಲೇ ಬರೆಯುತ್ತೇನೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಕ್ಕ.

"ಅಲ್ಲಲೇ, ಅವತ್ತ ನೀ ಒದರಿದ್ದು ಏಳೆಂಟು ಸಲ ಕೇಳಿಸಿತ್ತು. ಈಗ ಒಮ್ಮೆ ಬರದ್ರ ಹ್ಯಾಂಗಾತು?"

ಸುವರ್ಣ ಮಹೋತ್ಸವಕ್ಕೆ ಬಂದಾಗ ಇಬ್ಬರೂ ಮಕ್ಕಳನ್ನು ಕರೆದುಕೊಂಡು ವಿಜಾಪುರಕ್ಕೆ ಹೋಗುವುದೆಂದು ಮಾತಾಗಿದೆ. ಗ್ಯಾಲರಿಯಲ್ಲಿ ಏನು ಕೂಗಬೇಕೆಂದು ಅವನೇ ಹೇಳುತ್ತಾನಂತೆ.